ಒರತೆಗೆ ಮೈಲಿಗೆಯಿಲ್ಲ

ಕೆಟಲ್ಲಿನ ತಳಕ್ಕೆ ಕಟ್ಟಿದ ಬಿಳಿ ಪದರವನ್ನು ವಿನೆಗರ್ ಹಾಕಿ ಉಜ್ಜುತ್ತಿದ್ದೆ. ಕ್ರೋಯ್ಡನ್ನಿನ ನೀರು ಗಡಸು. ಆಗಾಗ ಉಜ್ಜದಿದ್ದರೆ ಚಹಾದ ಮೇಲೆ ಕೆನೆಯ ಹಾಗೆ ಏನೋ ತೇಲುತ್ತದೆ. ತೊಳೆಯಲೆಂದು ನಲ್ಲಿ ತಿರುಗಿಸಿದೆ. ಅದು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಸುಮ್ಮನಾಯಿತು. ಅಷ್ಟರಲ್ಲಿ ಫೋನ್ ಬಂತು. ಟ್ರಾಮ್ ಹಳಿಯ ಆಚೆ ಬದಿಯ ಫ್ಲ್ಯಾಟಿನಲ್ಲಿರುವ ನಮ್ಮ ಪ್ರಾರ್ಥನಾ ಗುಂಪಿನ ಗೆಳತಿ. ನಮ್ಮ ರಸ್ತೆಯಡಿಯ ದೊಡ್ಡ ಪೈಪ್ ಒಡೆದಿದೆಯಂತೆ, ಸಂಜೆಯವರೆಗೆ ನೀರಿಲ್ಲವಂತೆ, ಅವಳ ಕಡೆಗೆ ಮಾತ್ರ ಬರುತ್ತಿದೆಯಂತೆ. ನೀವು ಹೆದರಬೇಡಿ, ನಾನೇ ತರುತ್ತೇನೆ ಎಂದಳು.

ಹೆದರಲು ಕಾರಣವಿತ್ತು. ಅಂದು ಮಧ್ಯಾಹ್ನ ಗುಂಪಿನ ಹೆಂಗಸರು ನಮ್ಮ ಮನೆಗೇ ಬರುವವರಿದ್ದರು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಜಪಮಾಲೆ, ಆಮೇಲೆ ಯಾರಾದರೊಬ್ಬರ ಸಣ್ಣ ಮಾತು, ಕೊನೆಗೆ ಚಹಾ. ಮಂಗಳೂರು, ಉಡುಪಿ ಕಡೆಯವರೇ ಹೆಚ್ಚಾದರೂ ಬೆಂಗಳೂರಿನವರೂ ಇರುವುದರಿಂದ ಮಾತೆಲ್ಲ ಕನ್ನಡದಲ್ಲಿ. ಆ ಸಲದ ಮಾತು ನನ್ನದು. ಹಿಂದಿನ ಇಸ್ರಾಯೇಲ್ಯರ ಪಟ್ಟಣಗಳಲ್ಲಿ ಜನ ನೀರಿಗೆ ಏನು ಮಾಡುತ್ತಿದ್ದರು, ಅದರಲ್ಲಿ ದೇವರನ್ನು ಹೇಗೆ ಕಂಡರು ಎಂಬ ವಿಷಯ. ಇಗರ್ಜಿಯ ಪಾದ್ರಿಗಳು ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಪಿಯುಸಿಗೆ ಓದು ನಿಲ್ಲಿಸಿದವಳು ನಾನು. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ಅನ್ನ ಬೇಯುವಷ್ಟು ಹೊತ್ತು ಓದಿ ಓದಿ ಮುಗಿಸಿದ್ದೆ. ಅಷ್ಟು ಓದಲು ಕಣ್ಣು ಕೊಟ್ಟನಲ್ಲ ದೇವರು ಎಂದು ಸ್ವಲ್ಪ ಹೆಮ್ಮೆಯೂ ಇತ್ತು.

ಗೆಳತಿ ಬಂದದ್ದನ್ನು ನೋಡಿ ನಗು ಬಂತು. ಮಗುವಿನ ತಳ್ಳುಗಾಡಿಯಲ್ಲಿ ಮುಚ್ಚಳದ ಸ್ಟೀಲ್ ಕೊಡಪಾನ ಕೂರಿಸಿ, ಬೆಲ್ಟ್ ಬಿಗಿದು, ಏರು ರಸ್ತೆಯಲ್ಲಿ ಏದುಸಿರು ಬಿಡುತ್ತಾ ತಳ್ಳಿಕೊಂಡು ಬಂದಿದ್ದಳು.

"ಇವನು ನನ್ನ ದೊಡ್ಡ ಮಗ ಅಕ್ಕ. ಒಳ್ಳೆಯವನು, ಅಳುವುದೇ ಇಲ್ಲ," ಎಂದಳು.

ಅಳುವ ಸಣ್ಣ ಮಗ ಮನೆಯಲ್ಲಿ ಅಪ್ಪನ ಹತ್ತಿರ ಇದ್ದ. ಆ ಮಗುವಿನ ಜ್ಞಾನಸ್ನಾನ ಮುಂದಿನ ತಿಂಗಳು ಗೊತ್ತಾಗಿತ್ತು. ಮಗುವನ್ನು ತೊಟ್ಟಿಯ ನೀರಿನ ಮೇಲೆ ಹಿಡಿದು ನಿಲ್ಲುವ ಜ್ಞಾನತಾಯಿ ನಾನೇ ಆಗಬೇಕೆಂದು ಕೇಳಿಕೊಂಡಿದ್ದಳು. ನನಗೆ ಮಕ್ಕಳಾಗಲಿಲ್ಲ. ಎಷ್ಟೋ ಮಕ್ಕಳ ಜ್ಞಾನಸ್ನಾನಕ್ಕೆ ಕೇಕ್ ಮಾಡಿ ಕೊಟ್ಟಿದ್ದೇನೆ, ಹಿಡಿದು ನಿಲ್ಲು ಎಂದು ಯಾರೂ ಕೇಳಿದ್ದಿಲ್ಲ. ಅವಳು ಕೇಳಿದ ದಿನ ಮೊಣಕಾಲೂರಿ ಅತ್ತಿದ್ದೆ. ಬಿಳಿ ಶಾಲಿಗೆ ಅಂಚು ಹೆಣೆಯಲು ಶುರುಮಾಡಿದ್ದೆ.

ಕೊಡಪಾನವನ್ನು ಒಳಗಿಟ್ಟು, ತಳ್ಳುಗಾಡಿಯನ್ನು ಬಾಗಿಲ ಬಳಿಯೇ ಬಿಟ್ಟು, ಮಗುವಿಗೆ ಹಾಲು ಕುಡಿಸಿ ಎಲ್ಲರ ಜೊತೆ ಬರುತ್ತೇನೆಂದು ಅವಳು ಹೊರಟಳು. ಬಾಗಿಲು ಹಾಕಿ ತಿರುಗಿದರೆ ಹಿಂದೆ ಅತ್ತೆ ನಿಂತಿದ್ದರು. ಅವರು ಉಡುಪಿಯ ಕಡೆಯಿಂದ ಬೇಸಿಗೆ ಕಳೆಯಲೆಂದು ಬಂದಿದ್ದರು. ನೀರು ಯಾರ ಮನೆಯದೆಂದು ಕೇಳಿದರು. ಹೇಳಿದೆ.

"ಆ ಹುಡುಗಿಯ ಅಜ್ಜಿ ನಮ್ಮ ಗದ್ದೆಗೆ ನೇಜಿ ನೆಡ್ಲಿಕ್ಕೆ ಬರ್ತಿದ್ದವಳು. ಗೊತ್ತುಂಟಾ ನಿನಗೆ?"

ಗೊತ್ತಿತ್ತು. ಅತ್ತೆಯ ತವರಿನ ಬಾವಿಯ ಕಥೆಯೂ ಗೊತ್ತಿತ್ತು. ಮನೆಯವರು ಕಟ್ಟೆ ಹತ್ತಿ ನೀರು ಸೇದುತ್ತಿದ್ದರು. ಗದ್ದೆ ಕೆಲಸಕ್ಕೆ ಬರುವವರು ಕಟ್ಟೆ ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ನಿಲ್ಲಬೇಕಿತ್ತು. ಮನೆಯವರು ಎತ್ತರದಿಂದ, ಕೊಡಕ್ಕೆ ಕೊಡ ತಾಗದ ಹಾಗೆ ಹೊಯ್ಯುತ್ತಿದ್ದರು. ಭಾನುವಾರ ಎರಡೂ ಕಡೆಯವರು ಅದೇ ಇಗರ್ಜಿಯಲ್ಲಿ ಒಬ್ಬನೇ ದೇವರ ಮುಂದೆ ಮೊಣಕಾಲೂರುತ್ತಿದ್ದರು. ಜಾತಿ ಬಿಟ್ಟು ಕ್ರಿಸ್ತನ ಕಡೆ ಬಂದೆವೆಂದು ನಾವು ಹೇಳಿಕೊಳ್ಳುತ್ತೇವೆ. ಬಾವಿಕಟ್ಟೆಗೆ ಆ ಸುದ್ದಿ ತಲುಪಿರಲಿಲ್ಲ.

ಚಹಾಕ್ಕೆ ಅಂಗಡಿಯ ಬಾಟಲಿ ನೀರು ಸಾಕು, ಇದು ಕಕ್ಕಸಿಗೆ ಇರಲಿ, ಅಡುಗೆಕಟ್ಟೆಯ ಮೇಲೆ ಇಡಬೇಡ ಎಂದರು ಅತ್ತೆ. ಗದರಿಸಲಿಲ್ಲ. ಒಣಗಿದ ಬಟ್ಟೆ ಒಳಗೆ ತಾ ಎನ್ನುವ ಹಾಗೆ ಹೇಳಿದರು. ಇದು ಲಂಡನ್, ಅವಳು ನನ್ನ ಗೆಳತಿ, ಮುಂದಿನ ತಿಂಗಳು ಅವಳ ಮಗುವನ್ನು ಹಿಡಿಯುವವಳು ನಾನು ಎಂದು ಹೇಳಲು ಬಾಯಿಯವರೆಗೆ ಬಂತು. ಅತ್ತೆಗೆ ಬಿಪಿ ಇದೆ, ಮಾತಿಗೆ ಮಾತು ಬೆಳೆದರೆ ಜನ ಬರುವ ಹೊತ್ತಿಗೆ ಮನೆ ರಣರಂಗವಾಗುತ್ತದೆ ಎಂದು ಲೆಕ್ಕ ಹಾಕಿದೆ. ಕೊಡಪಾನವನ್ನು ಎತ್ತಿಕೊಂಡು ಹೋಗಿ ಕಕ್ಕಸಿನಲ್ಲಿ ಬಕೆಟ್ಟಿನ ಪಕ್ಕ ಇಟ್ಟೆ. ಅರ್ಧ ನೀರನ್ನು ಬಕೆಟ್ಟಿಗೆ ಸುರಿದೆ. ಕಕ್ಕಸಿನ ಮಗ್ಗು ಇಡಲು ಬೇರೆ ಜಾಗವಿರಲಿಲ್ಲ. ಅದನ್ನು ಕೊಡಪಾನದ ಬಾಯಿಗೇ ಸಿಕ್ಕಿಸಿದೆ.

ಹೆಂಗಸರು ಬಂದರು, ಜಪಮಾಲೆ ಮುಗಿಯಿತು. ಗೆಳತಿ ಎದ್ದು ಕಕ್ಕಸಿಗೆ ಹೋಗಿ ಬಂದದ್ದನ್ನು ಕಂಡೆ. ಕಂಡರೂ ನನ್ನ ತಲೆಯಲ್ಲಿ ಯೆರೂಸಲೇಮ್ ಮಾತ್ರ ಇತ್ತು.

ಮಾತು ಚೆನ್ನಾಗಿಯೇ ಶುರುವಾಯಿತು. ಆ ಪಟ್ಟಣದ ಒರತೆ ಗೋಡೆಯ ಹೊರಗೆ ತಗ್ಗಿನಲ್ಲಿತ್ತು, ವೈರಿಗಳು ಬರುತ್ತಾರೆಂದು ರಾಜ ಬಂಡೆಯೊಳಗೆ ಸುರಂಗ ಕೊರೆಸಿದ, ಎರಡು ಕಡೆಯಿಂದ ಅಗೆದುಕೊಂಡು ಬಂದ ಆಳುಗಳು ಕಲ್ಲಿನಾಚೆ ಒಬ್ಬರ ದನಿ ಒಬ್ಬರು ಕೇಳಿಸಿಕೊಂಡು ಕೂಡಿದರು ಎಂದೆ. ದೇವಾಲಯ ಗುಡ್ಡದ ಮೇಲಿತ್ತು, ನೀರು ಊರಿನ ಕೆಳತುದಿಯ ಕೊಳದಲ್ಲಿತ್ತು. ಹಬ್ಬದ ದಿನ ಯಾಜಕನೂ ಚಿನ್ನದ ಹೂಜಿ ಹಿಡಿದು ಕೆಳಗಿಳಿದೇ ನೀರು ತರಬೇಕಿತ್ತು ಎಂದೆ. ಒರತೆಯಿಲ್ಲದ ಊರುಗಳಲ್ಲಿ ಬಂಡೆ ಕಡಿದು, ಗಾರೆ ಬಳಿದು, ಮಳೆನೀರು ತುಂಬಿಸುತ್ತಿದ್ದರು. ಗಾರೆ ಬಿರಿದರೆ ಬೇಸಿಗೆಗೆ ಬರೀ ಕೆಸರು. ಅದಕ್ಕೇ ಪ್ರವಾದಿಗಳು ದೇವರನ್ನು ಹರಿಯುವ ನೀರೆಂದರು, ಮನುಷ್ಯನ ಸ್ವಂತ ಬುದ್ಧಿಯನ್ನು ಬಿರಿದ ತೊಟ್ಟಿಯೆಂದರು. ಎಲ್ಲರೂ ತಲೆದೂಗಿದರು.

ಆಮೇಲೆ ನನಗೆ ಬಹಳ ಹಿಡಿಸಿದ್ದ ಭಾಗ ಬಂತು, ಅವರ ಮಡಿಮೈಲಿಗೆಯ ಕಟ್ಟಳೆ. ಮಣ್ಣಿನ ಮಡಕೆಯೊಳಗೆ ಸತ್ತ ಹಲ್ಲಿ ಬಿದ್ದರೆ ಮಡಕೆ ಒಡೆಯಬೇಕು, ಒಳಗಿನದನ್ನು ಚೆಲ್ಲಬೇಕು. ಅಷ್ಟು ಬಿಗಿಯಾದ ಜನ. ಆದರೆ ಅದೇ ಹಲ್ಲಿ ಒರತೆಗೋ ತೊಟ್ಟಿಗೋ ಬಿದ್ದರೆ ನೀರು ಶುದ್ಧವೇ. "ಪಾತ್ರೆಗೆ ಮೈಲಿಗೆ ಉಂಟು, ಒರತೆಗೆ ಮೈಲಿಗೆ ಇಲ್ಲ," ಎಂದು ಓದಿ ಕಣ್ಣೆತ್ತಿದೆ.

ಗೆಳತಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಮುಖದಲ್ಲಿ. ತಪ್ಪು ಸ್ಟಾಪಿನಲ್ಲಿ ಇಳಿದವರು ಸುತ್ತ ನೋಡುವ ಹಾಗೆ ನೋಡುತ್ತಿದ್ದಳು. ಆಗ ನನಗೆ ಕೊಡಪಾನ ನೆನಪಾಯಿತು, ಅದರ ಬಾಯಿಗೆ ಸಿಕ್ಕಿಸಿದ ಮಗ್ಗು ನೆನಪಾಯಿತು. ಇನ್ನೂ ಎರಡು ಪುಟವಿತ್ತು. ಏನು ಓದಿದೆನೋ ತಿಳಿಯದು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಒಂದೊಂದು ಹೊಗಳಿಕೆಯೂ ಬೆನ್ನಿಗೆ ಏಟು ಬಿದ್ದ ಹಾಗಾಯಿತು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕಣ್ಣುಮುಚ್ಚಿ ಆಮೆನ್ ಎಂದರು.

ಚಹಾ ಆದ ಮೇಲೆ ಅವಳು ಕಪ್ಪುಗಳನ್ನು ಒಟ್ಟುಮಾಡಿ ಅಡುಗೆಮನೆಗೆ ತಂದಳು. ಅವಳ ಕಪ್ಪಿನಲ್ಲಿ ಚಹಾ ಹಾಗೇ ಇತ್ತು. ಚಹಾಕ್ಕೆ ತಂದ ಅಂಗಡಿ ನೀರಿನ ಖಾಲಿ ಬಾಟಲಿಗಳ ಸಾಲನ್ನು ಒಮ್ಮೆ ನೋಡಿ ಬಾಗಿಲು ಮುಚ್ಚಿದಳು.

"ಆ ಕೊಡಪಾನ ನನ್ನಜ್ಜಿ ಮದುವೆಗೆ ಕೊಟ್ಟದ್ದು ಅಕ್ಕ. ಮಗುವಿನ ಹಾಲಿಗೆ ನೀರು ಕುದಿಸಿ ಅದರಲ್ಲೇ ತುಂಬಿಸಿಡುವುದು."

ಅತ್ತೆ ಹೇಳಿದರು, ನಾನು ಏನು ಮಾಡಲಿ ಎಂದು ಏನೋ ತೊದಲಿದೆ.

"ಅವರಿಗೆ ವಯಸ್ಸಾಯ್ತು, ಅವರಿಗೆ ನಾನೇನೂ ಹೇಳುವುದಿಲ್ಲ. ಎತ್ತಿಕೊಂಡು ಹೋಗಿ ಅಲ್ಲಿಟ್ಟದ್ದು ನೀವಲ್ವಾ?"

ಹೌದೆಂದೆ.

"ಮಗುವನ್ನು ನೀವು ಹಿಡಿಯುವುದು ಬೇಡ ಅಕ್ಕ. ನನ್ನ ನಾದಿನಿಗೆ ಹೇಳ್ತೇನೆ."

ಕೊಡಪಾನವನ್ನು ತೊಳೆದು ನಾಳೆ ತಂದುಕೊಡುತ್ತೇನೆ, ಇವತ್ತು ಬಿಟ್ಟುಹೋಗು ಎಂದು ಕೇಳಿಕೊಂಡೆ. ಅವಳು ಒಪ್ಪಲಿಲ್ಲ. ತಾನೇ ಕಕ್ಕಸಿಗೆ ಹೋಗಿ ಮಗ್ಗು ತೆಗೆದಿಟ್ಟು, ಉಳಿದ ನೀರನ್ನು ಒಂದು ಹನಿ ಹೊರಗೆ ಚೆಲ್ಲದ ಹಾಗೆ ನಮ್ಮ ಬಕೆಟ್ಟಿಗೆ ಬಗ್ಗಿಸಿದಳು. ನಲ್ಲಿ ಇನ್ನೂ ಬಂದಿಲ್ಲ, ನಿಮಗೆ ಬೇಕಾಗುತ್ತದೆ ಎಂದಳು. ಖಾಲಿ ಕೊಡಪಾನಕ್ಕೆ ಬೆಲ್ಟ್ ಹಾಕಿ ತಳ್ಳುಗಾಡಿ ನೂಕಿಕೊಂಡು ಹೋದಳು.

ಬಾಗಿಲು ಮುಚ್ಚಿ ಹೇಳಿದಳಲ್ಲ, ಹೊರಗಿನವರ ಕಿವಿಗೆ ಬೀಳಲಿಲ್ಲವಲ್ಲ ಎಂದು ಆ ಕ್ಷಣವೇ ದೇವರಿಗೆ ವಂದನೆ ಹೇಳಿದೆ. ದಿನವೂ ಇಂಥ ಸಣ್ಣ ದಯೆಗಳನ್ನು ಎಣಿಸುವವಳು ನಾನು. ಅದನ್ನು ಎಣಿಸಿದ್ದಕ್ಕೆ ಮತ್ತೂ ನಾಚಿಕೆಯಾಯಿತು. ಆ ದಯೆ ಅವಳದಾಗಿತ್ತು.

ಅತ್ತೆಗೆ ಹೇಳಿದೆ. ಅವರು ಜಪಮಾಲೆಯನ್ನು ಡಬ್ಬಿಗೆ ಹಾಕುತ್ತಿದ್ದರು.

"ನಾನೇನು ಚೆಲ್ಲಿದೆನಾ? ಉಪಯೋಗ ಆಯ್ತಲ್ಲ," ಎಂದರು. ಡಬ್ಬಿಯ ಮುಚ್ಚಳ ಒತ್ತಿ, "ಅಷ್ಟಕ್ಕೇ ಬೇಡ ಅಂದಳಾ?" ಎಂದರು.

"ಅಷ್ಟಕ್ಕೇ," ಎಂದೆ. ಹೆಚ್ಚು ಹೇಳಲು ನನಗೆ ಯೋಗ್ಯತೆ ಎಲ್ಲಿತ್ತು? ಅವರು ಬಾಯಿಮಾತಿನಲ್ಲಿ ಹೇಳಿದ್ದರು, ಹೊತ್ತದ್ದು ನನ್ನ ಕೈ.

ಜ್ಞಾನಸ್ನಾನದ ದಿನ ಹಿಂದಿನ ಬೆಂಚಿನಲ್ಲಿ ಕುಳಿತೆ. ನೀರು ಬಿದ್ದಾಗ ಮಗು ಕಿರುಚಿತು, ಎಲ್ಲರೂ ನಕ್ಕರು. ಅವಳು ಈಗಲೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ, ಕ್ಷೇಮ ಕೇಳುತ್ತಾಳೆ. ನಮ್ಮ ಮನೆಯ ಸರದಿ ಬಂದಾಗ ಮಾತ್ರ ಅವಳಿಗೆ ಬೇರೆ ಕೆಲಸವಿರುತ್ತದೆ.

ಪೈಪ್ ಒಡೆದ ಆ ದಿನ ಸಂಜೆ ಕತ್ತಲಾಗುವ ಮೊದಲು ನಲ್ಲಿ ಬಂತು. ಮೊದಲು ಕಂದು ನೀರು, ಆಮೇಲೆ ತಿಳಿಯಾಯಿತು. ಗಂಡ ಕೆಲಸದಿಂದ ಬರುವ ಹೊತ್ತಾಗಿತ್ತು. ಕುಚ್ಚಲಕ್ಕಿ ಅಳೆದು, ತೊಳೆದು, ಒಲೆಯ ಮೇಲಿಟ್ಟೆ.