ಹಗ್ಗ ಕಟ್ಟಿ ತಂದ ದೇಹ

ದೋಣಿಯಲ್ಲಿ ದೇವಿ ಇದ್ದಾಳೆ, ಮೈಲಿಗೆಯಾಗಬಾರದು ಎಂದು, ಕಡಲಲ್ಲಿ ಸಿಕ್ಕಿದ ಹುಡುಗನ ಹೆಣವನ್ನು ನಾನು ದೋಣಿಗೆ ಹತ್ತಿಸದೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದೆ. ಹೆಮ್ಮಾಡಿಯಿಂದ ಓಡಿ ಬಂದ ಅವನ ತಾಯಿ ಆ ಹಗ್ಗವನ್ನೇ ನೋಡಿದಳು.

"ಅಣ್ಣ, ನನ್ ಮಗನ್ನ ಹೀಂಗೆ ಎಳ್ಕಂಡ್ ಬಂದ್ರ್ಯಾ? ದೋಣಿಗೆ ಹತ್ಸ್ಕಂಬುಕೆ ಆಯ್ಲಿಲ್ಯಾ?"

ನಾನು ಬಗ್ಗಿ ಹಗ್ಗ ಬಿಚ್ಚಿದೆ. ಆಮೇಲೆ ದೇವಿಯ ಎದುರು ಕಣ್ಣು ಮುಚ್ಚಿದಾಗಲೆಲ್ಲ ಆ ಪ್ರಶ್ನೆಯನ್ನು ದೇವಿಯೇ ಕೇಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಕಡಲಲ್ಲಿ ನಮ್ಮ ದೋಣಿಯ ಪಕ್ಕಕ್ಕೆ ಇನ್ನೊಂದು ಹೆಣ ತೇಲಿ ಬಂತು. ನನ್ನ ಕೈ ಹಿಂಜರಿಯಿತು.

"ಹಗ್ಗ ಕೊಡ್ಲಾ?" ಎಂದ ದೋಣಿಯಲ್ಲಿ ಜೊತೆಗಿದ್ದ ನನ್ನ ತಮ್ಮ.

"ಬ್ಯಾಡ. ನೀ ಕಾಲ್ ಹಿಡ್ಕೋ."

ಅದನ್ನು ದೋಣಿಗೆ ಹತ್ತಿಸಿ ಬಲೆಯ ಮೇಲೆ ಮಲಗಿಸಿ ನನ್ನ ಲುಂಗಿ ಹೊದಿಸಿದೆ. ದಡದಲ್ಲಿ ಅಳುವವರು ಯಾರೂ ಇರಲಿಲ್ಲ. ಪೊಲೀಸರು ಬರುವವರೆಗೆ ನಾನೇ ಪಕ್ಕದಲ್ಲಿ ಕುಳಿತೆ.