ಲವಂಗದೆಣ್ಣೆ ಹಚ್ಚಿದ ಹಲ್ಲು

ಹೆಗ್ಗರಣೆಯ ತಾಳಮದ್ದಳೆಯಲ್ಲಿ ಸಂಧಾನಕ್ಕೆ ಹೋಗುವ ದೂತನ ಅರ್ಥ, ಅಂದರೆ ಆ ಪಾತ್ರದ ಮಾತುಗಾರಿಕೆ, ಹೇಳಲು ನನ್ನನ್ನು ಕರೆದಿದ್ದರು. ವರ್ಷಗಟ್ಟಲೆ ಬಾಗಿಲು ಕಾಯುವವನ ನಾಲ್ಕು ಮಾತು ಹೇಳಿಕೊಂಡಿದ್ದವನಿಗೆ ಇದು ಸಣ್ಣ ಸಂಗತಿಯಲ್ಲ. ತಿಂಗಳಿಡೀ ಶಿರಸಿಯ ಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಹೆಂಡತಿ ಸೊಪ್ಪು ಬಿಡಿಸುತ್ತ ಕೇಳುವಳು, ಅಲ್ಲಲ್ಲಿ ತಿದ್ದುವಳು. ತಿದ್ದಿದ್ದು ನನಗೆ ಹಿಡಿಸುತ್ತಿರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟು ಕೈಜಾರಿ ಬಿದ್ದು ಮುಂದಿನ ಎರಡು ಹಲ್ಲು ಕಿತ್ತುಬಂದವು. ಅವಿಲ್ಲದೆ ಮಾತಾಡಿದರೆ ದೂತನ ಬಾಯಿಂದ ಸೀಟಿ ಬರುತ್ತದೆ. ಸೆಟ್ಟು ಮಾಡುವವನ ಅಂಗಡಿಗೆ ಹೋಗಿ ಅಂಟಿಸುವ ಪುಡಿ, ದ್ರವ ಇಸಿದುಕೊಂಡೆ. "ಕೊಡಿ ಸರ್, ನಾನೇ ಕೂರಿಸಿಕೊಡ್ತೆ" ಎಂದ. ಕಾಲೇಜಿನಲ್ಲಿ ಮೂವತ್ತು ವರ್ಷ ಇದೇ ಪಾಲಿಮರ್ ಪಾಠ ಮಾಡಿದವನು ನಾನು ಎಂದು ಹೇಳಿ ಬಂದೆ.

ಎಲೆಯಡಿಕೆ ಕವಳದ ಕಲೆ ಹೋಗಲೆಂದು ಮುರಿದ ಜಾಗಕ್ಕೆ ಮೊದಲು ಲವಂಗದೆಣ್ಣೆ ತಿಕ್ಕಿದೆ. ನಮ್ಮಲ್ಲಿ ಹಲ್ಲಿನದೇನಿದ್ದರೂ ಲವಂಗದೆಣ್ಣೆಯೇ. ಬಾಯಲ್ಲಿರುವ ಹಲ್ಲೋ ಕೈಯಲ್ಲಿರುವ ಹಲ್ಲೋ ಎಂದು ಯಾರೂ ನೋಡುವುದಿಲ್ಲ. ಪುಡಿ ಕಲಸಿ ಮೆತ್ತಿ ಕಾದೆ. ಮಧ್ಯಾಹ್ನವಾದರೂ ಅದು ಜೋನಿಬೆಲ್ಲದ ಹಾಗೆ ಅಂಟಂಟಾಗಿಯೇ ಇತ್ತು.

ಆಗ ನನ್ನದೇ ಪಾಠ ನೆನಪಾಯಿತು. ಪುಡಿ, ದ್ರವ ಕಲಸಿದಾಗ ಅಣುಗಳು ಸರಪಳಿಯಾಗಿ ಬೆಳೆದರೇ ಅಂಟು ಗಟ್ಟಿಯಾಗುವುದು. ಬೆಳೆಯುವ ಸರಪಳಿಯ ತುದಿಯಲ್ಲಿ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಅದರ ಚಪಲದಿಂದಲೇ ಅಣುವಿಗೆ ಅಣು ಸೇರುತ್ತ ಹೋಗುತ್ತದೆ. ನಡುವೆ ಬೇರೊಂದು ಅಣು ತನ್ನ ಹೈಡ್ರೋಜನ್ ಕೊಟ್ಟರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ, ಆ ಚಪಲ ಹೈಡ್ರೋಜನ್ ಕೊಟ್ಟ ಅಣುವಿಗೆ ದಾಟುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಹೊಸ ಸರಪಳಿ ಶುರು. ಲವಂಗದೆಣ್ಣೆ ಮಾತ್ರ ಚಪಲ ಇಸಿದುಕೊಂಡು ಸುಮ್ಮನೆ ಕೂತುಬಿಡುತ್ತದೆ. ಈ ಪ್ರಶ್ನೆಗೆ ಎಷ್ಟು ಮಕ್ಕಳ ಅಂಕ ಕತ್ತರಿಸಿದ್ದೆನೋ. ನಾಚಿಕೆಯಾಯಿತು. ಮರ್ಯಾದೆ ಬಿಟ್ಟು ಅಂಗಡಿಗೆ ಹೋಗುವಷ್ಟರಲ್ಲಿ ಅವನು ಬಾಗಿಲು ಹಾಕಿಕೊಂಡು ಹೋಗಿದ್ದ.

"ಆನು ಬತ್ನಿಲ್ಲೆ" ಎಂದು ಹೊರಡುವ ಆಸೆಯನ್ನೇ ಬಿಟ್ಟು ಮನೆಯಲ್ಲಿ ಕೂತೆ.

"ನಿಂಗ ಬನ್ನಿ. ಅರ್ಥ ಆನು ಹೇಳ್ತೆ" ಎಂದಳು ಹೆಂಡತಿ, ಸೀರೆ ಬದಲಿಸಲು ಎದ್ದು.

ಹೇಳಿದಳು, ಚೀಟಿಯಿಲ್ಲದೆ, ಒಂದು ತಾಸು. ನಾನು ಕಿವಿಗೆ ಹಾಕಿಕೊಳ್ಳದ ಅವಳ ತಿದ್ದುಪಡಿಗಳಿಗೇ ಜನ ಚಪ್ಪಾಳೆ ತಟ್ಟಿದರು. ಎದುರಿನ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದ ನನಗೆ ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳೇಕೆ.

ಮುಗಿದ ಮೇಲೆ ಸಂಘಟಕರು ನನ್ನ ಬಳಿ ಬಂದರು. "ಮಾಸ್ತರ್ರೆ, ಮುಂದಿನ ವರ್ಷನೂ ದೂತನ ಅರ್ಥ ಅಕ್ಕನೇ ಹೇಳ್ಲಿ. ಅಡ್ಡಿಲ್ಯಾ?"

ಬಾಯಿ ತೆರೆದರೆ ಹಲ್ಲಿಲ್ಲದ್ದು ಕಾಣುತ್ತದೆ. ಅಡ್ಡಿಯಿಲ್ಲ ಎಂದು ತಲೆಯಾಡಿಸಿದೆ.