ಈರಪ್ಪನ ಕಾವಲಿನ ದ್ರಾಕ್ಷಾರಸ

ಜೈಲಿನವರ ತಲೆಗೆ ಒಮ್ಮೊಮ್ಮೆ ಏನು ಹೊಳೆಯುತ್ತದೋ ಆ ಶಿವನೇ ಬಲ್ಲ! ಕುರಿ ಕಾಯಲು ತೋಳವನ್ನು ಬಿಟ್ಟ ಹಾಗೆ, ಅರ್ಧ ಆಯುಷ್ಯ ಕುಡಿದು ಕಳೆದ ಹವಾಲ್ದಾರ್ ಈರಪ್ಪನನ್ನು ದ್ರಾಕ್ಷಾರಸ ಕಾಯಲು ನಿಲ್ಲಿಸಿದ್ದರು. ಅವರನ್ನೂ ಪೂರ್ತಿ ಬೈಯುವಂತಿಲ್ಲ. ಜೇಲರ್ ಸಾಹೇಬ ನಾಗಪುರಕ್ಕೆ ಹೊಸಬ. ಈರಪ್ಪನ ಹಣೆಯ ವಿಭೂತಿ, ಕೊರಳಿನ ಲಿಂಗ ನೋಡಿ, ಇವನು ಮುಟ್ಟುವ ಪೈಕಿ ಅಲ್ಲ ಎಂದುಕೊಂಡ. ಈರಪ್ಪ ಆಗುವುದಿಲ್ಲ ಎನ್ನಲಿಲ್ಲ. ಆ ಹೊತ್ತಿಗೆ ಅವನು ಯಾವುದಕ್ಕೂ ಆಗುವುದಿಲ್ಲ ಎನ್ನುವುದನ್ನೇ ಬಿಟ್ಟಿದ್ದ.

ಕೆಲಸವೇನೂ ದೊಡ್ಡದಲ್ಲ. ಭಾನುವಾರ ಬೆಳಿಗ್ಗೆ ಕ್ರೈಸ್ತ ಕೈದಿಗಳಿಗಾಗಿ ಬಲಿಪೂಜೆ, ಅಂದರೆ ಚರ್ಚಿನಲ್ಲಿ ನಡೆಯುವಂಥ ಪೂಜೆ ಮಾಡಲು ಫಾದರ್ ಆನಂದ್ ಬರುತ್ತಿದ್ದರು. ಆ ಪೂಜೆಗೆಂದೇ ಪುಟ್ಟ ಸೀಸೆಯಲ್ಲಿ ಎರಡು ಗುಟುಕಿನಷ್ಟು ದ್ರಾಕ್ಷಾರಸ ತರುತ್ತಿದ್ದರು. ಈರಪ್ಪ ಗೇಟಿನಲ್ಲಿ ಅದನ್ನು ಮೂಸಿ ನೋಡಬೇಕು, ಪೂಜೆ ಮುಗಿಯುವ ತನಕ ಪಕ್ಕದಲ್ಲೇ ನಿಲ್ಲಬೇಕು. ಕುಡಿಯುವವರು ಫಾದರ್ ಒಬ್ಬರೇ, ಕೈದಿಗಳಿಗೆ ತೆಳ್ಳನೆಯ ರೊಟ್ಟಿಯ ಚೂರು ಮಾತ್ರ. ಒಂದು ಹನಿಯೂ ಕೈದಿಯ ಬಾಯಿಗೆ ಹೋಗಬಾರದು, ಒಂದು ಹನಿಯೂ ಜೈಲಿನೊಳಗೆ ಉಳಿಯಬಾರದು.

ಹೆಂಡತಿ ಕಾಶಮ್ಮ ಸುದ್ದಿ ಕೇಳಿ ಹೌಹಾರಿದಳು.

"ಬ್ಯಾರೆ ಡ್ಯೂಟಿ ಕೇಳ್ರಿ! ಬೆಂಕಿ ಬಾಜೂಕ ಬೆಣ್ಣಿ ಇಡ್ತಾರೇನ್ರಿ ಯಾರರ?"

"ಮೂಸಿದ್ರೂ ನನಗೇನೂ ಅನ್ಸೂದಿಲ್ಲ," ಎಂದ ಈರಪ್ಪ.

ಸುಳ್ಳಲ್ಲ ಆ ಮಾತು. ಮಗಳು ತೇಜಶ್ರೀಯ ಮದುವೆಯ ದಿನ ಈ ಪುಣ್ಯಾತ್ಮ ಲಕ್ಷ್ಮೀ ನಗರದ ಮಂಗಲ ಕಾರ್ಯಾಲಯದ ಹಿಂದೆ ಮೋರಿಯ ಪಕ್ಕ ಬಿದ್ದಿದ್ದ. ಒಳಗೆ ಅಪ್ಪನ ಜಾಗದಲ್ಲಿ ಚಿಕ್ಕಪ್ಪ ಕೇದಾರನಾಥ ನಿಂತ. ಹುಬ್ಬಳ್ಳಿಗೆ ಹೋದ ಮಗಳು ಆಮೇಲೆ ಅಪ್ಪನ ಜೊತೆ ಮಾತಾಡಲಿಲ್ಲ. ಈರಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ, ಮುಟ್ಟಲೂ ಇಲ್ಲ. ಆದರೆ ಅಂದಿನಿಂದ ಮನುಷ್ಯ ಮರಗಟ್ಟಿಹೋದ. ಮಗಳಿಗೆ ಗಂಡು ಹುಟ್ಟಿದೆ ಅಂದರೆ "ಹೂಂ". ಬಾಗಲಕೋಟೆಯಲ್ಲಿ ಅವ್ವ ತೀರಿಕೊಂಡಳು ಅಂದರೂ "ಹೂಂ". ಹಿಂದೆ ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಬೀಸಿ ಒಗೆಯುತ್ತಿದ್ದವನು ಈಗ ಉಪ್ಪೇ ಇಲ್ಲದಿದ್ದರೂ ಉಂಡು ಏಳುತ್ತಿದ್ದ.

"ಕುಡಿಯೂದು ಬಿಟ್ರಿ, ಚಲೋ ಆತು," ಎಂದಿದ್ದಳು ಕಾಶಮ್ಮ ಒಮ್ಮೆ. "ಆದ್ರ ಅದರ ಜೋಡಿ ನೀವೂ ಎಲ್ಲೋ ಹೋಗಿಬಿಟ್ರಿ ನೋಡ್ರಿ."

ಅದಕ್ಕೂ ಅವನು "ಹೂಂ" ಅಂದಿದ್ದ.

ಪೂಜೆಯಲ್ಲಿ ಒಂದೇ ಒಂದು ಸಂಗತಿ ಅವನ ಕಣ್ಣಿಗೆ ಬೀಳುತ್ತಿತ್ತು. ದ್ರಾಕ್ಷಾರಸ ಕುಡಿದ ಮೇಲೆ ಫಾದರ್ ಬಟ್ಟಲಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ಈರಪ್ಪನ ಅವ್ವನೂ ಹಾಗೆಯೇ. ಉಂಡ ತಾಟಿಗೆ ನೀರು ಸುರಿದು, ಬೆರಳಾಡಿಸಿ, ಅಗುಳು ಸಮೇತ ಕುಡಿದುಬಿಡುವಳು. ಪ್ರಸಾದ ನೆಲ ಕಾಣಬಾರದು ಅನ್ನುವಳು. ಇವರಲ್ಲೂ ಇದು ಐತಲ್ಲ, ಅಂದುಕೊಂಡಿದ್ದ ಈರಪ್ಪ. ಅಷ್ಟೇ, ಮುಂದಕ್ಕೆ ಏನೂ ಅನ್ನಿಸಿರಲಿಲ್ಲ.

ಹೀಗಿರುವಾಗ ಮೇ ತಿಂಗಳ ಒಂದು ಭಾನುವಾರ. ನಾಗಪುರದ ಬಿಸಿಲು ನಿಮಗೆ ಗೊತ್ತಲ್ಲ, ಬೆಳಿಗ್ಗೆಯೇ ಗೋಡೆ ಮುಟ್ಟಿದರೆ ಚುರ್ರ್ ಅನ್ನುತ್ತದೆ. ಸಕ್ಕರೆ ಕಾಯಿಲೆಯ ಫಾದರ್ ಪೂಜೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಬಟ್ಟಲನ್ನು ಮೇಲೆತ್ತಿ ಮಂತ್ರ ಹೇಳಿ ಕೆಳಗಿಟ್ಟರು, ಮರುಗಳಿಗೆ ಕುಸಿದರು. ಕಣ್ಣು ಮುಚ್ಚುವ ಮೊದಲು, "ಈರಪ್ಪಾ, ಚೆಲ್ಲಬೇಡಿ ಅದನ್ನು," ಅಂದರು. ಸ್ಟ್ರೆಚರ್ ಬಂತು, ಫಾದರನ್ನು ಹೊರಗಿನ ಆಸ್ಪತ್ರೆಗೆ ಒಯ್ದರು. ರೊಟ್ಟಿಯ ಚೂರುಗಳನ್ನು ಕೈದಿಗಳೇ ಹಂಚಿಕೊಂಡರು, ಅದಕ್ಕೆ ಜೈಲಿನ ಅಡ್ಡಿಯಿರಲಿಲ್ಲ. ಉಳಿದದ್ದು ಬಟ್ಟಲು.

ವೈರ್‌ಲೆಸ್ಸಿನಲ್ಲಿ ಜೇಲರ್ ಸಾಹೇಬ ಗುಡುಗಿದ: ತೆರೆದ ದಾರೂ ಫಾದರ್ ಇಲ್ಲದೆ ಗೇಟು ದಾಟುವಂತಿಲ್ಲ, ಚೆಲ್ಲಿ, ಕೈದಿಗಳನ್ನು ಒಳಗೆ ಹಾಕಿ ಬೀಗ ಜಡಿಯಿರಿ.

"ಮೋರಿಗೆ ಸುರೀರಿ ಕಾಕಾ, ಜಲ್ದಿ," ಎಂದ ಜೊತೆಯ ಕಾವಲುಗಾರ ಸಂಕೇತ್.

ಸಾವನೇರದ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ ಸುನೀಲ್ ಎಂಬ ಕೈದಿ ಎದ್ದು ನಿಂತ. "ಹವಾಲ್ದಾರ್ ಸಾಬ್, ಮಂತ್ರ ಆದ ಮೇಲೆ ಅದು ನಮ್ಮ ಪ್ರಭುವಿನ ರಕ್ತ. ನೆಲಕ್ಕೆ ಹಾಕಬೇಡಿ. ನನಗೆ ಕೊಡಿ, ಕುಡಿದುಬಿಡ್ತೇನೆ."

"ನಿನಗ ಕೊಡಾಕ ಬರೂದಿಲ್ಲ," ಎಂದ ಈರಪ್ಪ, ಗಾಬರಿಯಲ್ಲಿ ಮನೆಯ ಕನ್ನಡದಲ್ಲೇ.

ಸುನೀಲನಿಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಅವನ ಹಿಂದೆ ಉಳಿದವರೂ ಎದ್ದರು. ಬಟ್ಟಲನ್ನೇ ನೋಡುತ್ತ ನಿಂತರು. ಸಂಕೇತ್ ಲಾಠಿ ಗಟ್ಟಿಯಾಗಿ ಹಿಡಿದ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಥೇಟ್ ಹಾಗಾಯಿತು ಈರಪ್ಪನ ಗತಿ. ಬಟ್ಟಲನ್ನು ಕೈಗೆತ್ತಿಕೊಂಡ. ನೆಲ ಕಾಣಬಾರದು. ಅವ್ವನ ಮಾತು ಬಿಟ್ಟರೆ ಬೇರೇನೂ ತಲೆಗೆ ಬರಲಿಲ್ಲ. ತಲೆ ಬಾಗಿಸಿ ಎರಡೇ ಗುಟುಕಿಗೆ ಕುಡಿದ. ಪಕ್ಕದ ಹೂಜಿಯಿಂದ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದ.

ಕೈದಿಗಳು ಒಬ್ಬೊಬ್ಬರಾಗಿ ಕುಳಿತರು. ಸುನೀಲ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಅನ್ಯಮತದವನು ಅದನ್ನು ಮುಟ್ಟಲೇಬಾರದು ಎಂದು ಅವರ ಧರ್ಮ ಹೇಳುತ್ತದಂತೆ. ಪಾಪ, ಈರಪ್ಪನಿಗೆ ಅದೆಲ್ಲಿ ಗೊತ್ತು!

"ಡ್ಯೂಟಿ ಮೇಲೆ ಕುಡಿದೆಯಾ?" ಎಂದ ಜೇಲರ್, ಈರಪ್ಪನನ್ನು ಆಫೀಸಿಗೆ ಕರೆಸಿಕೊಂಡು.

"ಕುಡಿದೆ, ಸಾಬ್."

"ಮನೆಗೆ ಹೋಗು. ಕರೆದಾಗ ಬಾ."

"ಹೂಂ," ಎಂದ ಈರಪ್ಪ. ಆಗಲೂ ಅವನಿಗೇನೂ ಅನ್ನಿಸಲಿಲ್ಲ. ರಸ್ತೆಗೆ ಬಂದು, ತಿರುವಿನ ದೇಶಿ ದಾರೂ ಅಂಗಡಿಯ ಮುಂದೆ ಹಾದಾಗ ಕಾಲುಗಳು ತಾವಾಗಿಯೇ ನಿಂತವು. ಇಷ್ಟು ವರ್ಷ ಅದೇ ಅಂಗಡಿಯ ಮುಂದೆ ದಿನಾ ಓಡಾಡಿದ್ದ, ಕತ್ತು ಸಹ ತಿರುಗಿರಲಿಲ್ಲ. ಈಗ ಗಂಟಲಿನಿಂದ ಹೊಟ್ಟೆಯ ತನಕ ಉರಿ ಎದ್ದಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಗುರುತು ಹಿಡಿದು, "ಬರ್ರಿ ಬರ್ರಿ, ಬಹಳ ದಿನಕ್ಕೆ!" ಎಂದು ಮರಾಠಿಯಲ್ಲಿ ಕರೆದ. ಈರಪ್ಪ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದ. ಐವತ್ತು ದಾಟಿದ ಹವಾಲ್ದಾರ, ಖಾಕಿ ತೊಟ್ಟುಕೊಂಡು, ಉರಿಬಿಸಿಲಲ್ಲಿ!

ಕಾಶಮ್ಮ ರೊಟ್ಟಿ ಬಡಿಯುತ್ತಿದ್ದಳು. ಈರಪ್ಪ ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವಳು ಅತ್ತ ನೋಡಲಿಲ್ಲ.

"ನೌಕರಿ ಹಾಳಾಗಿ ಹೋಗ್ಲಿ," ಎಂದಳು. "ಖರೇ ಹೇಳ್ರಿ ನನ್ನ ಮುಂದ. ಇನ್ನೂ ಬೇಕನ್ಸ್ತೈತೇನು?"

ಈರಪ್ಪ ಲಿಂಗ ಹಿಡಿದಿದ್ದ ಮುಷ್ಟಿ ಬಿಚ್ಚಿದ.

"ಬೇಕನ್ಸ್ತೈತಿ, ಕಾಶೀ. ಭಾಳ ಬೇಕನ್ಸ್ತೈತಿ. ತೇಜೂನ ನೋಡ್ಬೇಕನ್ಸ್ತೈತಿ, ಆ ಕೂಸಿನ್ನ ಎತ್ಕೋಬೇಕನ್ಸ್ತೈತಿ. ಅವ್ವ ಸತ್ತಾಗ ನಾ ಅಳಲೇ ಇಲ್ಲಲ್ಲ..." ಎಂದವನೇ ಹೊಸ್ತಿಲ ಒಳಗೆ ಕುಸಿದು, ಓಣಿಗೆಲ್ಲ ಕೇಳುವಂತೆ ಹೋ ಎಂದು ಅಳತೊಡಗಿದ.

ಕಾಶಮ್ಮ ಗ್ಯಾಸ್ ಆರಿಸಿದಳು. ಅವನನ್ನು ದಾಟಿ ಹೋಗಿ ಬಾಗಿಲು ಹಾಕಿದಳು, ಚಿಲಕ ಜಡಿದಳು, ಅದಕ್ಕೇ ಬೆನ್ನು ಕೊಟ್ಟು ಕುಳಿತಳು.

"ಅಳ್ರಿ," ಎಂದಳು. "ಎಷ್ಟರ ಅಳ್ರಿ. ಹೊರಗ ಮಾತ್ರ ಬಿಡೂದಿಲ್ಲ ನಾ."